ಪ್ರವೇಶದ ಅರ್ಜಿಯೂ ‘ನಾನು’ ಎಂಬ ಪ್ರಬಂಧವೂ

ಬಿ.ಎ. ತರಗತಿಯ ಕೊನೆಯ ವರ್ಷಕ್ಕೆ ಕಾಲಿಟ್ಟ ವಿದ್ಯಾರ್ಥಿಯನ್ನು ಎದುರಾದವರೆಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಮುಂದೇನು?’ ಬಸ್ಸಿನ ಕಂಡಕ್ಟರರೂ ಕೇಳುತ್ತಾರೆ, ಮದುವೆಮನೆಯಲ್ಲಿ ಸಿಕ್ಕ ನೆಂಟರೂ ಕೇಳುತ್ತಾರೆ. ಕಾರವಾರ, ಅಂಕೋಲೆಗಳ ಹುಡುಗ ಹುಡುಗಿಯರಲ್ಲಿ ಹಲವರಿಗೆ ಇದಕ್ಕೆ ಸಿದ್ಧವಾದ ಉತ್ತರವೆಂದರೆ ಧಾರವಾಡ. ಅಲ್ಲಿಯ ಕರ್ನಾಟಕ ವಿಶ್ವವಿದ್ಯಾಲಯವು ನಮ್ಮ ಅಂಕಗಳನ್ನು ನೋಡುತ್ತದೆಯೇ ಹೊರತು ನಮ್ಮ ಆತ್ಮವೃತ್ತಾಂತವನ್ನು ಕೇಳುವುದಿಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಗಣಕಯಂತ್ರದ ಮುಂದೆ ಕುಳಿತು ನಾಲ್ಕರಲ್ಲಿ ಒಂದನ್ನು ಆರಿಸುವ ಸಾಮಾನ್ಯ ಪರೀಕ್ಷೆ ಬಂದಿದೆ. ಅಲ್ಲಿಯೂ ‘ನೀನು ಯಾರು?’ ಎಂಬ ಪ್ರಶ್ನೆಯಿಲ್ಲ. ಆದರೆ ನಮ್ಮ ದೇಶದ ಕೆಲವು ಹೊಸ ಖಾಸಗಿ ವಿಶ್ವವಿದ್ಯಾಲಯಗಳು, ಪರದೇಶದ ಬಹುತೇಕ ವಿಶ್ವವಿದ್ಯಾಲಯಗಳು, ಹಾಗೂ ದೊಡ್ಡ ವಿದ್ಯಾರ್ಥಿವೇತನಗಳನ್ನು ಕೊಡುವ ಸಂಸ್ಥೆಗಳು ಅಂಕಪಟ್ಟಿಯ ಜೊತೆಗೆ ಇನ್ನೊಂದು ವಸ್ತುವನ್ನು ಕೇಳುತ್ತವೆ. ಅದು ಅರ್ಜಿದಾರನು ತನ್ನನ್ನು ಕುರಿತು ತಾನೇ ಬರೆದ ಒಂದು ಸಣ್ಣ ಪ್ರಬಂಧ. ಈ ಲೇಖನದ ವಿಷಯ ಅದೇ.

ಇದನ್ನು ಬರೆಯಲು ನನಗಿರುವ ಅಧಿಕಾರ ಬಹಳ ಸಣ್ಣದು. ನಾನು ಇಂಥ ಪ್ರಬಂಧವನ್ನು ಎರಡು ಸಲ ಬರೆದಿದ್ದೇನೆ. ಮೊದಲನೆಯದು ಕೆಟ್ಟದಾಗಿತ್ತು, ತಿರಸ್ಕೃತವಾಯಿತು. ಅದೇಕೆ ಕೆಟ್ಟದಾಗಿತ್ತು ಎಂಬುದನ್ನು ತಿಳಿಯಲು ನನಗೆ ಮೂರು ವರ್ಷ ಹಿಡಿಯಿತು. ಆ ಮೂರು ವರ್ಷಗಳನ್ನು ನನ್ನ ಕಿರಿಯ ಮಿತ್ರರಿಗೆ ಉಳಿಸಿಕೊಡಬಹುದೇನೋ ಎಂಬ ಆಸೆಯಿಂದ ಈ ಸಾಹಸ. ಗುರುಗಳು ತಪ್ಪಿದ್ದಲ್ಲಿ ತಿದ್ದಬೇಕು.

ಮೊದಲು ಈ ಪದ್ಧತಿಯ ಹುಟ್ಟನ್ನು ಸ್ವಲ್ಪ ನೋಡೋಣ. ಅದು ಅಷ್ಟೇನೂ ಪವಿತ್ರವಾದ ಹುಟ್ಟಲ್ಲ. ಅಮೇರಿಕೆಯ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಮುಂತಾದ ಹಳೆಯ ವಿದ್ಯಾಪೀಠಗಳಲ್ಲಿ ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಪ್ರವೇಶಪರೀಕ್ಷೆಯೇ ಮುಖ್ಯವಾಗಿತ್ತು. ಪರೀಕ್ಷೆಯಲ್ಲಿ ಯಹೂದಿ ಹುಡುಗರು ಚೆನ್ನಾಗಿ ತೇರ್ಗಡೆಯಾಗಿ ಹೆಚ್ಚು ಹೆಚ್ಚು ಸಂಖ್ಯೆಯಲ್ಲಿ ಬರತೊಡಗಿದಾಗ, 1920ರ ದಶಕದಲ್ಲಿ ಆಡಳಿತಗಾರರು ‘ಕೇವಲ ಅಂಕ ಸಾಲದು, ಶೀಲವನ್ನೂ ನೋಡಬೇಕು’ ಎಂದು ಹೊಸ ರಾಗ ತೆಗೆದರು. ಅರ್ಜಿಗೆ ಭಾವಚಿತ್ರ, ಮನೆತನದ ವಿವರ, ಶಿಫಾರಸು ಪತ್ರ, ಸ್ವವಿವರ ಇವೆಲ್ಲ ಸೇರಿದವು. ‘ಶೀಲ’ ಎಂಬ ಶಬ್ದದ ಮರೆಯಲ್ಲಿ ಬೇಡದವರನ್ನು ಹೊರಗಿಡುವುದೇ ಉದ್ದೇಶವಾಗಿತ್ತೆಂದು ಸಮಾಜಶಾಸ್ತ್ರಜ್ಞ ಜೆರೋಮ್ ಕ್ಯಾರಬೆಲ್ 2005ರಲ್ಲಿ ಪ್ರಕಟಿಸಿದ ‘ದಿ ಚೋಸನ್’ ಎಂಬ ದೊಡ್ಡ ಗ್ರಂಥದಲ್ಲಿ ತೋರಿಸಿಕೊಟ್ಟಿದ್ದಾರೆ. ಕಾಲಾನಂತರ ಅದೇ ಪ್ರಬಂಧವು ಅಂಕಪಟ್ಟಿ ಹೇಳಲಾರದ ಕಷ್ಟವನ್ನು ಹೇಳಿಕೊಳ್ಳುವ ಬಾಗಿಲೂ ಆಯಿತು. 2023ರ ಜೂನ್ ತಿಂಗಳಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಜನಾಂಗವನ್ನು ನೋಡಿ ಪ್ರವೇಶ ಕೊಡುವುದನ್ನು ನಿಲ್ಲಿಸಿತು. ಆದರೆ ಜನಾಂಗದ ಕಾರಣದಿಂದ ತನ್ನ ಬಾಳಿನಲ್ಲಿ ಏನಾಯಿತೆಂಬುದನ್ನು ಅರ್ಜಿದಾರನು ಪ್ರಬಂಧದಲ್ಲಿ ಬರೆದುಕೊಳ್ಳಲು ಅಡ್ಡಿಯಿಲ್ಲವೆಂದೂ ಹೇಳಿತು. ಹೀಗೆ ಹೊರಗಿಡಲು ಹುಟ್ಟಿದ್ದು ಒಳಗೆ ಬರಲು ಉಳಿದುಕೊಂಡಿದೆ. ಇಂಗ್ಲಿಷು ಚೆನ್ನಾಗಿ ಬಲ್ಲವರಿಗೆ, ಮಾರ್ಗದರ್ಶಕರನ್ನು ದುಡ್ಡು ಕೊಟ್ಟು ಇಟ್ಟುಕೊಳ್ಳಬಲ್ಲವರಿಗೆ ಇದು ಈಗಲೂ ಅನುಕೂಲವೇ. ಅದನ್ನು ಮರೆಮಾಚುವುದರಲ್ಲಿ ಅರ್ಥವಿಲ್ಲ.

ಅಳತೆಯ ವಿಷಯವನ್ನು ಬೇಗ ಮುಗಿಸುತ್ತೇನೆ. ಅಮೇರಿಕೆಯ ಅನೇಕ ಕಾಲೇಜುಗಳಿಗೆ ಒಟ್ಟಾಗಿ ಸಲ್ಲುವ ‘ಕಾಮನ್ ಅಪ್ಲಿಕೇಶನ್’ ಎಂಬ ಅರ್ಜಿಯಲ್ಲಿ ಪ್ರಬಂಧಕ್ಕೆ 250ರಿಂದ 650 ಶಬ್ದಗಳ ಮಿತಿ. ಇಂಗ್ಲೆಂಡಿನ ‘ಯುಕಾಸ್’ ಸಂಸ್ಥೆಯ ಮೂಲಕ ಪದವಿ ತರಗತಿಗೆ ಹೋಗುವವರಿಗೆ 4000 ಅಕ್ಷರಗಳು. ಮೊದಲು ಅದು ಒಂದೇ ಅಖಂಡ ಬರಹವಾಗಿತ್ತು. 2026ರ ಪ್ರವೇಶದಿಂದ ಅದನ್ನು ಮೂರು ಪ್ರಶ್ನೆಗಳಾಗಿ ಒಡೆದಿದ್ದಾರೆ: ಈ ವಿಷಯವನ್ನೇ ಏಕೆ ಓದಬೇಕೆಂದಿರುವೆ? ನಿನ್ನ ಓದು ನಿನ್ನನ್ನು ಹೇಗೆ ಸಿದ್ಧಗೊಳಿಸಿದೆ? ಓದಿನ ಹೊರಗೆ ಏನು ಮಾಡಿರುವೆ, ಅದರಿಂದೇನು ಪ್ರಯೋಜನ? ಬ್ರಿಟಿಷ್ ಸರಕಾರದ ‘ಚೀವನಿಂಗ್’ ವಿದ್ಯಾರ್ಥಿವೇತನಕ್ಕೆ ನಾಯಕತ್ವ, ಜನಸಂಪರ್ಕ, ಓದು, ಮುಂದಿನ ವೃತ್ತಿ ಎಂದು ನಾಲ್ಕು ಪ್ರಬಂಧಗಳು. ಬಾಲ್ಯವನ್ನು ನಮ್ಮ ಜಿಲ್ಲೆಯ ಶಿರಸಿಯಲ್ಲಿ ಕಳೆದು, ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ಓದಿದ ಗಿರೀಶ ಕಾರ್ನಾಡರು 1960ರಲ್ಲಿ ಆಕ್ಸ್‌ಫರ್ಡಿಗೆ ಹೋದದ್ದು ರೋಡ್ಸ್ ವಿದ್ಯಾರ್ಥಿವೇತನದಿಂದ. ಅದು ಅಂದೂ ಇಂದೂ ಅಂಕವೊಂದನ್ನೇ ನೆಚ್ಚಿ ಕೊಡುವ ವೇತನವಲ್ಲ. ನಮ್ಮ ಕೇಂದ್ರ ಸರಕಾರವೂ ಪರಿಶಿಷ್ಟ ಜಾತಿಯ, ಅಲೆಮಾರಿ ಬುಡಕಟ್ಟುಗಳ, ಭೂಹೀನ ಕೂಲಿಕಾರರ ಹಾಗೂ ಸಾಂಪ್ರದಾಯಿಕ ಕುಶಲಕರ್ಮಿಗಳ ಮಕ್ಕಳಿಗೆ ಪರದೇಶದ ವಿದ್ಯಾಭ್ಯಾಸಕ್ಕೆ ವೇತನ ಕೊಡುತ್ತದೆ. ಅದಕ್ಕೂ ಮೊದಲು ಪರದೇಶದ ವಿಶ್ವವಿದ್ಯಾಲಯದ ಒಪ್ಪಿಗೆ ಬೇಕು, ಆ ಒಪ್ಪಿಗೆಗೆ ಈ ಪ್ರಬಂಧ ಬೇಕು. ಆದ್ದರಿಂದ ‘ಇದು ಶ್ರೀಮಂತರ ಮಕ್ಕಳ ಗೊಡವೆ’ ಎಂದು ನಾವು ಸುಮ್ಮನಾಗುವಂತಿಲ್ಲ.

ಈಗ ನನ್ನ ಮೊದಲ ಪ್ರಬಂಧ. ಪಿ.ಯು.ಸಿ. ಎರಡನೆಯ ವರ್ಷದಲ್ಲಿದ್ದಾಗ, 2023ರ ಆರಂಭದಲ್ಲಿ, ಉತ್ತರ ಭಾರತದ ಒಂದು ಖಾಸಗಿ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದೆ. ಪೂರ್ಣ ಶುಲ್ಕ ವಿನಾಯಿತಿ ಸಿಕ್ಕರೆ ಮಾತ್ರ ಹೋಗಬಹುದಾಗಿತ್ತು. ಅಂಕೋಲೆಯವನಾದ ನಾನು ಅಂಕೋಲೆಯಿಂದಲೇ ಆರಂಭಿಸಿದೆ. 1930ರ ಏಪ್ರಿಲ್ 13ರಂದು ಇಲ್ಲಿ ನಡೆದ ಉಪ್ಪಿನ ಸತ್ಯಾಗ್ರಹ, ಕರನಿರಾಕರಣೆಯ ಹೋರಾಟ, ‘ಕರ್ನಾಟಕದ ಬಾರ್ಡೋಲಿ’ ಎಂಬ ಬಿರುದು, ಚುಟುಕದ ದಿನಕರ ದೇಸಾಯಿಯವರು, ಎಲ್ಲವನ್ನೂ ತುಂಬಿದೆ. ಅರ್ಧ ಪುಟ ಮುಗಿಯಿತು. ಉಳಿದ ಅರ್ಧದಲ್ಲಿ ಬಾಲ್ಯದಿಂದಲೂ ನನಗೆ ಜ್ಞಾನದಾಹವಿತ್ತೆಂದೂ, ಭಾಷಣ ಸ್ಪರ್ಧೆಯಲ್ಲಿ ಬಹುಮಾನ ಬಂದಿತೆಂದೂ, ಓದಿ ಮುಂದೆ ದೇಶಸೇವೆ ಮಾಡುವೆನೆಂದೂ ಬರೆದೆ. ಶಬ್ದಕೋಶ ನೋಡಿ ನೋಡಿ ದೊಡ್ಡ ದೊಡ್ಡ ಇಂಗ್ಲಿಷ್ ಶಬ್ದಗಳನ್ನು ಕೂಡಿಸಿದೆ. ಓದಿದ ನನ್ನ ಚಿಕ್ಕಪ್ಪ, ‘ಭಾರೀ ಚೊಲೋ ಆಗಿದೆ, ಪೇಪರಿನಲ್ಲಿ ಬಂದ ಹಾಗೆ ಉಂಟು’ ಎಂದರು. ನಾನು ಹಿಗ್ಗಿದೆ. ಅವರು ಅರಿಯದೆ ಅದರ ದೋಷವನ್ನೇ ಹೇಳಿದ್ದರು. ವಿಷಾದಪೂರ್ವಕವಾಗಿ ತಿಳಿಸುವ ನಾಲ್ಕು ಸಾಲಿನ ಉತ್ತರ ಬಂತು. ಕಾರಣ ಹೇಳಿರಲಿಲ್ಲ. ಪ್ರಬಂಧವೇ ಕಾರಣವೆಂದು ನಾನು ಹೇಳಲಾರೆ. ಆದರೆ ಈಗ ಅದನ್ನು ತೆಗೆದು ಓದಿದರೆ, ಅಂಕೋಲೆಯ ಇತಿಹಾಸ ತಿಳಿಯುತ್ತದೆ, ಬರೆದವನ ಸುಳಿವೇ ಸಿಗುವುದಿಲ್ಲ.

ಇದು ನನ್ನೊಬ್ಬನ ದೋಷವಲ್ಲವೆಂದು ನಂತರ ಗೆಳೆಯರ ಬರಹಗಳನ್ನು ನೋಡಿದಾಗ ತಿಳಿಯಿತು. ಪ್ರಾಥಮಿಕ ಶಾಲೆಯಿಂದ ನಾವು ಪ್ರಬಂಧವೆಂದರೆ ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂದು ಕಲಿತವರು. ‘ಗ್ರಂಥಾಲಯದ ಮಹತ್ವ’, ‘ರಾಷ್ಟ್ರೀಯ ಹಬ್ಬಗಳು’ ಎಂದು ಮಾರ್ಗದರ್ಶಿಯಿಂದ ಉರುಹೊಡೆದು ಬರೆದವರು. ಅದರಲ್ಲಿ ‘ನಾನು’ ಎಂಬ ಶಬ್ದ ಬಂದರೆ ಅಂಕ ಕಡಿತ. ಇನ್ನೊಂದು ಕಾರಣ ಇನ್ನೂ ಆಳದ್ದು. ತನ್ನನ್ನು ತಾನು ಬಣ್ಣಿಸಿಕೊಳ್ಳಬಾರದೆಂದು ನಮಗೆ ಮನೆಯಲ್ಲಿ ಹೇಳಿಕೊಟ್ಟಿದ್ದಾರೆ, ವಚನಕಾರರೂ ಹೇಳಿದ್ದಾರೆ. ಹೀಗಿರುವಾಗ ಒಮ್ಮೆಲೇ ‘ನಿನ್ನ ವಿಷಯ ಬರೆ’ ಎಂದರೆ ನಾಚಿಕೆಯ ಹುಡುಗ ಊರನ್ನು ಹೊಗಳುತ್ತಾನೆ, ನಾಚಿಕೆ ಬಿಟ್ಟವನು ತನ್ನನ್ನು ಹೊಗಳುತ್ತಾನೆ. ಕೇಳಿದವರಿಗೆ ಎರಡೂ ಬೇಕಾಗಿರಲಿಲ್ಲ.

ಫ್ರಾನ್ಸಿನ ಮೊಂಟೇನ್ 1580ರಲ್ಲಿ ತನ್ನ ಪುಸ್ತಕಕ್ಕೆ ಇಟ್ಟ ಹೆಸರಿನಿಂದಲೇ ‘ಎಸ್ಸೆ’ ಎಂಬ ಶಬ್ದ ಬಂದಿದೆ. ಅದರ ಅರ್ಥ ಪ್ರಯತ್ನ, ಪರೀಕ್ಷಿಸಿ ನೋಡುವುದು. ಅವನು ತನ್ನನ್ನು ಬಣ್ಣಿಸಿಕೊಳ್ಳಲಿಲ್ಲ, ಪರೀಕ್ಷಿಸಿಕೊಂಡನು. ನಮ್ಮಲ್ಲಿಯೂ ಗೊರೂರರ ‘ಹಳ್ಳಿಯ ಚಿತ್ರಗಳು’, ಕುವೆಂಪು ಅವರ ‘ಮಲೆನಾಡಿನ ಚಿತ್ರಗಳು’, ಮೂರ್ತಿರಾಯರ ‘ಹಗಲುಗನಸುಗಳು’ ಇವೆ. ‘ನಾನು’ ಎಂದು ಬರೆದೂ ಓದುಗನಿಗೆ ಬೇಸರ ತರಿಸದ ವಿದ್ಯೆ ಕನ್ನಡಕ್ಕೆ ಹೊಸದೇನಲ್ಲ. ಆದರೂ ಈ ಕೆಲಸಕ್ಕೆ ನಾನು ಮಿತ್ರರಿಗೆ ಓದಲು ಹೇಳುವ ಬರಹ ಬೇರೆಯೇ ಒಂದು.

ಅದು ಡಾ. ಅಂಬೇಡ್ಕರರ ‘ವೇಟಿಂಗ್ ಫಾರ್ ಎ ವೀಸಾ’. ಕೆಲವೇ ಪುಟಗಳ ಈ ನೆನಪುಗಳು ಅವರು ತೀರಿಕೊಂಡ ಬಹಳ ವರ್ಷಗಳ ಮೇಲೆ, 1990ರಲ್ಲಿ, ಪುಸ್ತಕವಾಗಿ ಬಂದವು. ಅವರು ಕಲಿತ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಅದನ್ನು ಇಂದು ಪಾಠವಾಗಿ ಓದಿಸುತ್ತಾರೆ. ಅದರ ಮೊದಲ ಪ್ರಸಂಗ 1901ನೆಯ ಇಸವಿಯದು. ತಂದೆ ದೂರದ ಗೋರೆಗಾಂವದಲ್ಲಿ ನೌಕರಿಯಲ್ಲಿದ್ದಾರೆ. ರಜೆಯಲ್ಲಿ ಅವರನ್ನು ಕಾಣಲು ಮಕ್ಕಳು ಸಾತಾರೆಯಿಂದ ರೈಲಿನಲ್ಲಿ ಹೊರಟಿದ್ದಾರೆ. ಹೊಸ ಅಂಗಿ, ಹೊಳೆಯುವ ಟೊಪ್ಪಿಗೆ, ರೇಶಿಮೆ ಅಂಚಿನ ಧೋತರ. ಮಸೂರು ನಿಲ್ದಾಣದಲ್ಲಿ ಇಳಿದರೆ ಕರೆದೊಯ್ಯಲು ಯಾರೂ ಬಂದಿಲ್ಲ. ಸ್ಟೇಶನ್ ಮಾಸ್ತರರು ಬಂದು ಅಕ್ಕರೆಯಿಂದಲೇ ವಿಚಾರಿಸುತ್ತಾರೆ. ಮಕ್ಕಳು ತಾವು ಮಹಾರರೆಂದು ಹೇಳುತ್ತಲೇ ಅವರ ಮುಖ ಬದಲಾಗುತ್ತದೆ. ಗಾಡಿಯವರು ಯಾರೂ ಕೂಡ್ರಿಸಿಕೊಳ್ಳಲು ಒಪ್ಪುವುದಿಲ್ಲ. ಕೊನೆಗೆ ಒಬ್ಬನು ಇಮ್ಮಡಿ ಬಾಡಿಗೆಗೆ ಒಪ್ಪುತ್ತಾನೆ. ಆದರೆ ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ಅವನು ಪಕ್ಕದಲ್ಲಿ ನಡೆದು ಬರುತ್ತಾನೆ. ಬುಟ್ಟಿಯ ತುಂಬ ಊಟವಿದೆ, ಕುಡಿಯಲು ನೀರು ಕೊಡುವವರಿಲ್ಲ. ಆದ್ದರಿಂದ ಮಕ್ಕಳು ಉಪವಾಸ ಮಲಗುತ್ತಾರೆ.

ಗಮನಿಸಿ: ‘ನಾನು ಎಷ್ಟು ನೊಂದೆ’ ಎಂದು ಗೋಗರೆಯುವ ಅಗತ್ಯವೇ ಇಲ್ಲಿ ಬೀಳುವುದಿಲ್ಲ. ಟೊಪ್ಪಿಗೆ ಇದೆ, ಬಾಡಿಗೆಯ ಲೆಕ್ಕ ಇದೆ, ತುಂಬಿದ ಬುಟ್ಟಿಯಿದೆ. ನಾನಾಗಿದ್ದರೆ ಅಸ್ಪೃಶ್ಯತೆ ಒಂದು ಸಾಮಾಜಿಕ ಪಿಡುಗು ಎಂದು ಆರಂಭಿಸಿ ಆ ಬುಟ್ಟಿಯನ್ನೇ ಮರೆಯುತ್ತಿದ್ದೆ.

ಎರಡನೆಯ ಪಾಠ ನಮ್ಮ ಕಾರವಾರದಲ್ಲಿಯೇ ಸಿಕ್ಕಿದ್ದು. ರವೀಂದ್ರನಾಥ ಠಾಕೂರರು ಇಲ್ಲಿಗೆ ಬಂದಿದ್ದರೆಂದು ನಮಗೆಲ್ಲ ಗೊತ್ತು. ಕಡಲತೀರಕ್ಕೆ ಅವರ ಹೆಸರೇ ಇದೆ. ಅವರ ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು. 1883ರ ಡಿಸೆಂಬರದಲ್ಲಿ ಮದುವೆಯಾಗುವುದಕ್ಕೆ ಮುನ್ನ ತಮ್ಮನು ಅಣ್ಣನ ಮನೆಗೆ ಬಂದಿದ್ದನು. ಒಂದು ಬೆಳುದಿಂಗಳ ಇರುಳು ಕಾಳೀನದಿಯಲ್ಲಿ ದೋಣಿಯಲ್ಲಿ ಹೋಗಿ, ಮರಳಿ ಬರುವಾಗ ಅಳಿವೆಯಿಂದ ಮರಳಿನ ಮೇಲೆ ನಡೆದು ಬಂದರು, ಆ ರಾತ್ರಿ ಒಂದು ಕವಿತೆ ಬರೆದರು. ಇದನ್ನು ನಾವು ಹೆಮ್ಮೆಯಿಂದ ಭಾಷಣಗಳಲ್ಲಿ ಹೇಳುತ್ತೇವೆ. ಆದರೆ ತಮ್ಮ ‘ಜೀವನಸ್ಮೃತಿ’ಯಲ್ಲಿ ಠಾಕೂರರು ಅದೇ ಪ್ರಸಂಗದ ಬೆನ್ನಿಗೆ ಹೇಳಿದ ಮಾತನ್ನು ಯಾರೂ ಹೇಳುವುದಿಲ್ಲ. ಭಾವನೆ ಉಕ್ಕಿ ಹರಿಯುವಾಗ ಬರೆದದ್ದು ಅದೇ ಕಾರಣಕ್ಕೆ ಒಳ್ಳೆಯದಾಗಬೇಕಿಲ್ಲ, ಅನುಭವಕ್ಕೆ ತೀರ ಹತ್ತಿರ ನಿಂತವನ ಕೈ ಕಟ್ಟಿಹೋಗಿರುತ್ತದೆ, ನೆನಪಿನ ದೂರ ಬೇಕು, ಎಂಬುದು ಅದರ ತಾತ್ಪರ್ಯ.

ಇದು ನನಗೆ ಹೊಳೆದದ್ದು ಎರಡನೆಯ ಪ್ರಬಂಧವನ್ನೂ ಒಮ್ಮೆ ಕೆಡಿಸಿದ ಮೇಲೆ. ಕಳೆದ ನವೆಂಬರದಲ್ಲಿ, ಅರ್ಥಶಾಸ್ತ್ರದ ಎಂ.ಎ.ಗೆ ಅರ್ಜಿ ಹಾಕುವಾಗ, ಮೊದಲ ಕರಡನ್ನು 2024ರ ಜುಲೈ 16ರ ಶಿರೂರಿನ ಗುಡ್ಡ ಕುಸಿತದಿಂದ ಆರಂಭಿಸಿದ್ದೆ. ಹೆದ್ದಾರಿಯ ಮೇಲೆ ಗುಡ್ಡ ಜಾರಿ, ರಸ್ತೆಬದಿಯ ಚಹಾದಂಗಡಿಯನ್ನೂ ವಾಹನಗಳನ್ನೂ ಗಂಗಾವಳಿಗೆ ತಳ್ಳಿದ ಆ ದುರ್ದಿನವನ್ನು ಯಾರು ಮರೆತಾರು? ಕರಡನ್ನು ನೋಡಿದ ನಮ್ಮ ಗುರುಗಳೊಬ್ಬರು ಒಂದೇ ಪ್ರಶ್ನೆ ಕೇಳಿದರು: ‘ಅವತ್ತು ನೀನು ಎಲ್ಲಿದ್ದೆ?’ ನಾನು ಅಂಕೋಲೆಯಲ್ಲಿದ್ದೆ. ಶಿರೂರು ಕುಮಟೆಯ ಹಾದಿಯಲ್ಲಿದೆ. ನಾನು ದಿನಾ ಹೋಗುವುದು ಅವರ್ಸಾ, ಅಮದಳ್ಳಿ, ಅರ್ಗಾ, ಬಿಣಗಾ ದಾಟಿ ಕಾರವಾರಕ್ಕೆ, ತದ್ವಿರುದ್ಧ ದಿಕ್ಕಿಗೆ. ನಾನು ಕಂಡದ್ದೆಲ್ಲ ಫೋನಿನ ಪರದೆಯ ಮೇಲೆ. ‘ಹಾಗಾದರೆ ಅದು ಕಳಕೊಂಡವರ ಪ್ರಬಂಧ, ನಿನ್ನದಲ್ಲ’ ಎಂದರು. ನನಗೆ ಅಂದು ಆದ ನಾಚಿಕೆಯನ್ನು ಬರೆಯಲಾರೆ. ಪ್ರವೇಶ ಸಿಗಲೆಂದು ನಾನು ಬೇರೆಯವರ ಸಾವನ್ನು ಎತ್ತಿಕೊಂಡಿದ್ದೆ.

ಇಂಥ ಪ್ರಲೋಭನೆ ನಮ್ಮ ಭಾಗದ ವಿದ್ಯಾರ್ಥಿಗಳಿಗೆ ಹೆಚ್ಚು. ಇಲ್ಲಿ ದೊಡ್ಡ ಸಂಗತಿಗಳು ಬಹಳ: ಕೈಗಾ, ಕದ್ರಾ, ಸೀಬರ್ಡ್, 2024ರ ಆಗಸ್ಟ್ 7ರಂದು ಮುರಿದುಬಿದ್ದ ಕಾಳೀ ಸೇತುವೆ. ದೊಡ್ಡ ಸಂಗತಿಯನ್ನು ಬರೆಯಬಾರದೆಂದು ನಾನು ಹೇಳುವುದಿಲ್ಲ. ಆದರೆ ಅದರಲ್ಲಿ ತನ್ನ ಪಾಲಿನದು ಎಷ್ಟು ಎಂಬುದನ್ನು ಅಳೆದು ಅಷ್ಟನ್ನೇ ಬರೆಯಬೇಕು. ನನ್ನ ಸಹಪಾಠಿಯೊಬ್ಬಳ ಉದಾಹರಣೆಯನ್ನು ಅವಳ ಒಪ್ಪಿಗೆ ಪಡೆದು ಹೇಳುತ್ತೇನೆ. ಅವಳ ಮನೆ ತೋಡೂರಿನ ಪುನರ್ವಸತಿ ಕಾಲನಿಯಲ್ಲಿ. 1986ರಲ್ಲಿ ಪ್ರಧಾನಿ ರಾಜೀವ ಗಾಂಧಿಯವರು ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಇಟ್ಟರು. ಮುಂದೆ ಕಡಲಂಚಿನ ಊರುಗಳು ಎದ್ದುಹೋದವು, 2005ರಲ್ಲಿ ನೆಲೆ ಕಾರ್ಯಾರಂಭ ಮಾಡಿತು. ಕಾನೂನು ಓದಬೇಕೆಂದಿರುವ ಅವಳು ಮೊದಲು ಬರೆದದ್ದು ‘ನಿರಾಶ್ರಿತರ ಕಣ್ಣೀರು’. ಆದರೆ ಊರು ಎದ್ದಾಗ ಅವಳು ಹುಟ್ಟಿಯೇ ಇರಲಿಲ್ಲ. ಆ ಕಣ್ಣೀರು ಅವಳದಲ್ಲ. ನಾವು ನಾಲ್ಕು ಜನ ಗ್ರಂಥಾಲಯದ ಹಿಂದಿನ ಕಟ್ಟೆಯ ಮೇಲೆ ಕುಳಿತು ಅವಳನ್ನು ಕೆದಕಿ ಕೆದಕಿ ಕೇಳಿದೆವು. ಆಗ ಒಂದು ಮಾತು ಹೊರಬಿತ್ತು. ಪರಿಹಾರದ ಖಟ್ಲೆಯ ಕಾಗದಗಳನ್ನು ಅವಳ ಅಜ್ಜ ಒಂದು ಬಿಸ್ಕೀಟಿನ ಡಬ್ಬಿಯಲ್ಲಿ ಇಟ್ಟಿದ್ದರು. ಏಳನೆಯ ತರಗತಿಯಿಂದ ಆ ಇಂಗ್ಲಿಷ್ ನೋಟೀಸುಗಳನ್ನು ಅಜ್ಜನಿಗೆ ಓದಿ ಹೇಳುವ ಕೆಲಸ ಇವಳದು. ಅರ್ಥವಾಗದ ಕಡೆ ಅಜ್ಜನಿಗೆ ದುಃಖವಾಗದಂತೆ ತಾನೇ ಏನೋ ಕಟ್ಟಿ ಹೇಳುತ್ತಿದ್ದಳಂತೆ. ಒಮ್ಮೆ ಹಾಗೆ ಕಟ್ಟಿ ಹೇಳಿದ್ದರಿಂದ ತಾರೀಖು ತಪ್ಪಿತು. ‘ಇದನ್ನು ಬರೆಯಲೇ? ಇದು ನನ್ನ ತಪ್ಪಲ್ಲವೇ?’ ಎಂದಳು. ‘ಇದನ್ನೇ ಬರೆ’ ಎಂದು ನಾಲ್ವರೂ ಹೇಳಿದೆವು. ಕಾನೂನನ್ನು ಏಕೆ ಓದಬೇಕು ಎಂಬ ಪ್ರಶ್ನೆಗೆ ಆ ತಪ್ಪಿದ ತಾರೀಖಿಗಿಂತ ಪ್ರಾಮಾಣಿಕವಾದ ಉತ್ತರ ಯಾವುದು?

ನನ್ನದು ಇಷ್ಟು ಗಂಭೀರವಲ್ಲ. ಮಾವಿನ ಹಣ್ಣಿನ ಕತೆ. ತಿರಸ್ಕಾರದ ಉತ್ತರ ಬಂದ 2023ರ ಮೇ ತಿಂಗಳಲ್ಲಿ ಬೇರೆ ಕೆಲಸವಿಲ್ಲದೆ ನಾನು ದಿನವೂ ಅವ್ವನ ಜೊತೆ ಅಂಕೋಲೆಯ ರಸ್ತೆಬದಿಯಲ್ಲಿ ಇಶಾಡ ಹಣ್ಣಿನ ಬುಟ್ಟಿಯ ಮುಂದೆ ಕುಳಿತೆ. ಕರಿ ಇಶಾಡಿನ ಸಿಪ್ಪೆ ತೆಳು, ರಸ ಬಹಳ, ರುಚಿಯಲ್ಲಿ ಅದಕ್ಕೆ ಸಮನಿಲ್ಲ. ಆದರೆ ಬಹಳ ದಿನ ಉಳಿಯುವುದಿಲ್ಲ. ಬೆಳಿಗ್ಗೆ ಡಜನ್ನಿಗೆ ನೂರೈವತ್ತು ಹೇಳುತ್ತಿದ್ದ ಅವ್ವ ಮಧ್ಯಾಹ್ನಕ್ಕೆ ನೂರಕ್ಕೂ ಸಂಜೆಯ ಕೊನೆಯ ಬಸ್ಸಿನ ಹೊತ್ತಿಗೆ ಅರವತ್ತಕ್ಕೂ ಇಳಿಯುತ್ತಿದ್ದಳು. ದೊಡ್ಡ ಕಾರಿನಲ್ಲಿ ಬಂದವರು ಸಂಜೆಯೇ ಬರುತ್ತಿದ್ದರು. ಅವರಿಗೆ ಗೊತ್ತಿತ್ತು. ಅದೇ ವರ್ಷ ‘ಅಂಕೋಲಾ ಕರಿ ಇಶಾಡ’ಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಪತ್ರಿಕೆಯಲ್ಲಿ ಓದಿ ಅವ್ವನಿಗೆ ಹೇಳಿದೆ. ‘ಹಾಗಾದರೆ ಸಂಜೆಗೂ ನೂರೈವತ್ತು ಸಿಗ್ತದಾ ಮಗಾ?’ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಮಾನ್ಯತೆ ಹಣ್ಣಿಗೆ ಸಿಕ್ಕಿದೆ, ಮಾರುವವಳಿಗೆ ಸಿಕ್ಕಿದೆಯೇ? ಹೆಸರಿಗೆ ಬೆಲೆ ಬಂದರೂ ಹಣ್ಣು ಎರಡು ದಿನ ಉಳಿಯದಿದ್ದರೆ ಬೆಲೆ ಹೇಳುವವರು ಯಾರು? ಕಾಲೇಜಿನಲ್ಲಿ ಅರ್ಥಶಾಸ್ತ್ರವನ್ನು ಆರಿಸಿಕೊಂಡದ್ದು ಈ ಪ್ರಶ್ನೆಯಿಂದ. ಬೇಡಿಕೆ ಪೂರೈಕೆಗಳ ರೇಖೆಗಳನ್ನು ಕಪ್ಪುಹಲಗೆಯ ಮೇಲೆ ಎಳೆದಾಗಲೆಲ್ಲ ‘ಇದರಲ್ಲಿ ಕೊನೆಯ ಬಸ್ಸು ಎಲ್ಲಿದೆ?’ ಎಂದು ಹುಡುಕುತ್ತಿದ್ದೆ. ಇಷ್ಟನ್ನೇ ಬರೆದೆ. ಅಂಕೋಲೆಯ ಉಜ್ವಲ ಇತಿಹಾಸಕ್ಕೆ ಅದರಲ್ಲಿ ಜಾಗವೇ ಉಳಿಯಲಿಲ್ಲ.

ಇನ್ನು ಬರೆಯುವ ಕ್ರಮದ ಬಗ್ಗೆ ಅನುಭವದಿಂದ ಕಂಡ ಕೆಲವು ಮಾತು. ಮೊದಲ ಕರಡನ್ನು ಕನ್ನಡದಲ್ಲಿ ಬರೆಯಿರಿ. ಮನೆಯಲ್ಲಿ ಕೊಂಕಣಿಯಾಡುವವರು ಕೊಂಕಣಿಯಲ್ಲಿ ಬರೆಯಲಿ. ನಮ್ಮ ಇಂಗ್ಲಿಷಿನಲ್ಲಿ ನಮಗೆ ಗೊತ್ತಿರುವ ವಾಕ್ಯಗಳು ಮಾತ್ರ ಬರುತ್ತವೆ, ನಮಗೆ ಆದದ್ದು ಬರುವುದಿಲ್ಲ. ಕನ್ನಡದಲ್ಲಿ ಸಂಗತಿ ನಿಂತಮೇಲೆ ಅದನ್ನು ಮಗುಚಿಟ್ಟು ಇಂಗ್ಲಿಷಿನಲ್ಲಿ ಹೊಸದಾಗಿ ಬರೆಯಬೇಕು. ವಾಕ್ಯಕ್ಕೆ ವಾಕ್ಯ ತರ್ಜುಮೆ ಮಾಡಿದರೆ ಎರಡೂ ಕೆಡುತ್ತವೆ. ಸಣ್ಣ ವಾಕ್ಯ, ಗೊತ್ತಿರುವ ಶಬ್ದ. ವ್ಯಾಕರಣದ ತಪ್ಪುಗಳನ್ನು ನಮ್ಮ ಇಂಗ್ಲಿಷ್ ವಿಭಾಗದ ಗುರುಗಳು ಸಂತೋಷದಿಂದ ತಿದ್ದುತ್ತಾರೆ. ಆದರೆ ಅವರ ಬಳಿಗೆ ಕೊನೆಯ ದಿನದ ಹಿಂದಿನ ಸಂಜೆ ಹೋಗಬಾರದು. ನನಗೆ ಒಟ್ಟು ಐದು ವಾರ ಹಿಡಿಯಿತು, ಏಳು ಕರಡುಗಳಾದವು. ನಡುವೆ ಹತ್ತು ದಿನ ಅದನ್ನು ಮುಟ್ಟಲೇ ಇಲ್ಲ. ಠಾಕೂರರು ಹೇಳಿದ ದೂರ ಅಷ್ಟಾದರೂ ಬೇಡವೇ? ಬರೆದದ್ದನ್ನು ಇಬ್ಬರಿಗೆ ತೋರಿಸಿ: ಇಂಗ್ಲಿಷು ಬಲ್ಲವರೊಬ್ಬರು, ನಿಮ್ಮನ್ನು ಬಲ್ಲವರೊಬ್ಬರು. ಎರಡನೆಯವರು ‘ಇದು ನೀನಲ್ಲ’ ಎಂದರೆ ಮೊದಲನೆಯವರ ಮೆಚ್ಚುಗೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಅಂಕ, ಬಹುಮಾನ, ಎನ್.ಸಿ.ಸಿ. ಪ್ರಮಾಣಪತ್ರ ಇವು ಅರ್ಜಿಯ ಬೇರೆ ಕಲಮುಗಳಲ್ಲಿ ಇದ್ದೇ ಇರುತ್ತವೆ, ಪ್ರಬಂಧದಲ್ಲಿ ಅವನ್ನು ಮತ್ತೆ ಎಣಿಸುವುದೇಕೆ? ಒಂದು ವರ್ಷ ನಪಾಸಾಗಿದ್ದರೆ, ಮನೆಯ ಕಷ್ಟಕ್ಕೆ ಓದು ಬಿಟ್ಟಿದ್ದರೆ, ಒಂದು ವಾಕ್ಯದಲ್ಲಿ ಕಾರಣ ಹೇಳಿ ಮುಂದೆ ಹೋಗಬೇಕು. ಬಡತನವನ್ನು ಮರೆಸಬೇಕಿಲ್ಲ, ಪ್ರದರ್ಶನಕ್ಕೆ ಇಡಲೂಬೇಕಿಲ್ಲ. ಆ ವಿಶ್ವವಿದ್ಯಾಲಯವನ್ನೇ ಏಕೆ ಆರಿಸಿದಿರಿ ಎಂಬಲ್ಲಿ ‘ಜಗತ್ಪ್ರಸಿದ್ಧ’ ಎಂಬ ಶಬ್ದ ಬರೆಯುವ ಮೊದಲು ಅವರ ಪಠ್ಯಕ್ರಮವನ್ನು ಒಮ್ಮೆ ಓದಿ. ನಾನು ಓದಿದೆ. ಕೃಷಿ ಮಾರುಕಟ್ಟೆಗಳ ಮೇಲೆ ಅಲ್ಲೊಂದು ಪಾಠವಿತ್ತು, ಅದರ ಹೆಸರನ್ನು ಬರೆದೆ, ಅಷ್ಟೇ ಸಾಕಾಯಿತು.

ಬರೆಸಿಕೊಳ್ಳುವವರ ವಿಷಯ ಹೇಳದಿದ್ದರೆ ಲೇಖನ ಅಪೂರ್ಣ. ದೊಡ್ಡ ಪಟ್ಟಣಗಳಲ್ಲಿ ದುಡ್ಡಿಗೆ ಪ್ರಬಂಧ ಬರೆದುಕೊಡುವವರಿದ್ದಾರೆ. ಈಗ ಅದೂ ಬೇಕಿಲ್ಲ. ಫೋನಿನಲ್ಲಿರುವ ಕೃತಕ ಬುದ್ಧಿಮತ್ತೆಗೆ ಹೆಸರು, ಊರು, ವಿಷಯ ಹೇಳಿದರೆ ನಿಮಿಷದೊಳಗೆ ಲಕ್ಷಣವಾದ ಪ್ರಬಂಧ ತಯಾರು. ನಾನೂ ಕುತೂಹಲಕ್ಕೆ ಕೇಳಿ ನೋಡಿದೆ. ಅಲೆಗಳ ಮೊರೆತದ ನಡುವೆ ಬೆಳೆದ ನಾನು ಸಮುದ್ರದಿಂದ ಛಲವನ್ನು ಕಲಿತೆನಂತೆ! ನಮ್ಮ ಮನೆಯಿಂದ ಸಮುದ್ರ ಕಾಣುವುದೇ ಇಲ್ಲ. ಗೆಳೆಯನೂ ಕೇಳಿದ. ಅವನೂ ಸಮುದ್ರದಿಂದ ಛಲ ಕಲಿತಿದ್ದ. ನಗು ಬಂತು. ಆದರೆ ಪರಿಚಯದ ಹುಡುಗನೊಬ್ಬ ಹೀಗೆ ಕೊಂಡುಕೊಂಡ ಪ್ರಬಂಧ ಕಳಿಸಿ ಸಂದರ್ಶನದವರೆಗೂ ಹೋದ. ಅವರು ಬೇರೇನೂ ಕೇಳಲಿಲ್ಲ. ಪ್ರಬಂಧದ ಎರಡನೆಯ ಪ್ಯಾರಾದಲ್ಲಿ ಬರೆದ ಸಂಗತಿಯನ್ನು ಇನ್ನಷ್ಟು ವಿವರಿಸಿರೆಂದರು. ಬುದ್ಧಿವಂತ ಹುಡುಗ, ಅಂಕಗಳೂ ಇದ್ದವು. ತನ್ನದೇ ಹೆಸರಿನ ಕಾಗದದ ಮುಂದೆ ಮೂಕನಾಗಿ ಕುಳಿತುಬಿಟ್ಟ. ತಿಂಗಳುಗಟ್ಟಲೆ ಅವನು ಆ ಮಾತನ್ನು ಮನೆಯಲ್ಲಿ ಹೇಳಿರಲಿಲ್ಲ.

ನನ್ನ ಸಂದರ್ಶನ ಫೆಬ್ರುವರಿಯಲ್ಲಿ ಕಂಪ್ಯೂಟರಿನ ಮೂಲಕವೇ ಆಯಿತು. ಮನೆಯಲ್ಲಿ ಸಿಗ್ನಲ್ ಸಾಲದೆಂದು ಕಾಲೇಜಿನ ಒಂದು ಕೋಣೆಯನ್ನು ಗುರುಗಳು ತೆರೆಯಿಸಿಕೊಟ್ಟರು. ಮೂವರಿದ್ದರು. ನಡುವೆ ಕುಳಿತ ಹಿರಿಯ ಪ್ರಾಧ್ಯಾಪಿಕೆಯೊಬ್ಬರು ಪ್ರಬಂಧವನ್ನು ಕೈಯಲ್ಲಿ ಹಿಡಿದು, ‘ಅರವತ್ತಕ್ಕೂ ಹೋಗದ ಹಣ್ಣನ್ನು ನಿಮ್ಮ ತಾಯಿ ಏನು ಮಾಡುತ್ತಾರೆ?’ ಎಂದು ಕೇಳಿದರು. ಈ ಪ್ರಶ್ನೆಯನ್ನು ನಾನು ಊಹಿಸಿಯೇ ಇರಲಿಲ್ಲ. ಆದರೆ ಉತ್ತರಕ್ಕೆ ತಡಕಾಡಬೇಕಾಗಲಿಲ್ಲ. ರಾತ್ರಿ ರಸ ಹಿಂಡುವುದು, ಬೆಳಿಗ್ಗೆ ಚಾಪೆಯ ಮೇಲೆ ತೆಳ್ಳಗೆ ಹರವುವುದು, ಪದರದ ಮೇಲೆ ಪದರ ಒಣಗಿಸುವುದು, ಮೋಡ ಕವಿದರೆ ಓಡಿ ಒಳಗೆ ತರುವುದು, ಎಲ್ಲ ಹೇಳಿದೆ. ‘ಅದನ್ನು ಮಾರುತ್ತೀರಾ?’ ಎಂದರು. ‘ಇಲ್ಲ ಮೇಡಂ, ಮಳೆಗಾಲಕ್ಕೆ ನಾವೇ ತಿನ್ನುತ್ತೇವೆ’ ಎಂದೆ. ‘ಏಕೆ ಮಾರುವುದಿಲ್ಲ?’ ಎಂದು ಮತ್ತೆ ಕೇಳಿದರು. ಆ ಪ್ರಶ್ನೆಯ ಮೇಲೆ ಇಪ್ಪತ್ತು ನಿಮಿಷ ಮಾತಾಯಿತು. ನನ್ನ ಇಂಗ್ಲ���ಷು ಎರಡು ಕಡೆ ಎಡವಿತು, ಅವರು ಕಾದರು.

ಫಲಿತಾಂಶ ಇನ್ನೂ ಬಂದಿಲ್ಲ. ಸಂಪಾದಕ ಗುರುಗಳು ಲೇಖನವನ್ನು ಈ ವಾರವೇ ಅಚ್ಚಿಗೆ ಕೇಳಿದ್ದಾರೆ.